ಮೂವತ್ತು ಸೆಕೆಂಡಿನ ಜೇಬು

ಒಂದು ರೈಡಿಗೆ ಮೂವತ್ತು ಸೆಕೆಂಡು.
ನನಗೆ ಒಂದು ಹಿಂಜೇಬಿಗೂ ಅಷ್ಟೇ,
ದಾರ ಕಡಿಯದಿದ್ದರೆ, ಕರೆಂಟು ಇದ್ದರೆ.
ಹಾಗಾಗಿ ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಕಬಡ್ಡಿ ನೋಡುವುದೆಂದರೆ ನೋಡುವುದಲ್ಲ,
ಶೇಕ್ಷಾವಲಿ ಇಸ್ತ್ರಿ ಟೇಬಲ್ಲಿಗೆ ಒರಗಿಸಿಟ್ಟ ಮೊಬೈಲಿಗೆ
ಬೆನ್ನು ಕೊಟ್ಟು ಕೂತು
ಕಿವಿಯಿಂದ ಎಣಿಸುವುದು.
ಅವನು ಗೆರೆ ದಾಟಿದ, ನಾನು ಮೂಲೆ ತಿರುಗಿಸಿದೆ.
ಅವನು ಉಸಿರು ಬಿಟ್ಟ, ನಾನು ಪೆಡಲು ಬಿಟ್ಟೆ.

ಕ್ರಿಕೆಟ್ಟು ನನಗೆ ಒಗ್ಗದು.
ಅಷ್ಟೊತ್ತು ನಿಂತು ಪ್ಯಾಂಟಿಗೆ ಚೆಂಡು ಉಜ್ಜಿಕೊಳ್ಳುವುದು,
ಆ ಪ್ಯಾಂಟು ಹೊಲಿದವಳು ನೋಡಿದರೆ ಏನೆಂದಾಳು?

ಈ ಸಲ ನಮ್ಮ ತಂಡ ಸರಿಯಿಲ್ಲ ಬಿಡ್ರಿ.
ರೈಡರುಗಳೆಲ್ಲ ಬೋನಸ್ ಗೆರೆಗೆ ಕಾಲು ತಾಕಿಸಿ
ಓಡಿ ಬರೋ ಜಾತಿ,
ಮದುವೆಗೆ ಬಂದು ಎಲೆಯಡಿಕೆ ಹಿಡಿದು ಹೋಗೋ ನೆಂಟರ ಹಾಗೆ.
ಕೋಚು ಬೈಯುವುದು ಹಿಂದಿಯಲ್ಲಿ,
ಹುಡುಗರು ತಲೆ ಆಡಿಸುವುದು ಮಾತ್ರ
ಎಲ್ಲ ಭಾಷೆಯಲ್ಲೂ ಒಂದೇ ಥರ.
"ನಮ್ಮವರು ನಮ್ಮವರು ಅಂತೀಯಲ್ಲ ಜಡೆಮ್ಮಕ್ಕ,
ಏಳು ಮಂದಿಯಾಗ ತುಂಗಭದ್ರಾ ನೀರು ಕುಡಿದವ
ಒಬ್ಬನನ್ನ ತೋರ್ಸು ನೋಡಾನ"
ಅಂತ ಕಟಿಂಗ್ ಎರ್ರಿಸ್ವಾಮಿ ಕೇಳುತ್ತಾನೆ, ಪ್ರತಿ ವರ್ಷ.
ಅವನದು ಯಾವಾಗಲೂ ಪಟ್ಟಿಯಲ್ಲಿ ಮೇಲಿರೋ ತಂಡ.
ಅಂಥವರ ಜೊತೆ ವಾದ ಮಾಡಬಾರದು,
ಮಿರ್ಚಿ ತಿನ್ನಬೇಕು, ಅವರ ದುಡ್ಡಲ್ಲಿ.

ಆದರೂ ರಾತ್ರಿ ಯೋಚಿಸಿದೆ,
ಗುಡ್ಡದ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು
ಊರ ಮೇಲೆ ಮೆಲ್ಲಗೆ ಬಿಡುವ ಹೊತ್ತಲ್ಲಿ.
ಸೋಮವೀರ ಯಾರು ನನಗೆ?
ಎಡ ಮೂಲೆಯ ಡಿಫೆಂಡರು, ಹರಿಯಾಣದ ಯಾವುದೋ ಹಳ್ಳಿ,
ಕಂಬದಂಥ ತೊಡೆ,
ನಾಲ್ಕು ವರ್ಷ ನಮ್ಮ ಜರ್ಸಿ ಹಾಕಿದ.
ಗೆದ್ದಾಗ ಎಲ್ಲರೂ ತೊಡೆ ತಟ್ಟುತ್ತಿದ್ದರೆ
ಅವನು ಬಗ್ಗಿ ಮ್ಯಾಟಿನ ಮೇಲಿನ ಬೆವರು ಒರೆಸಿದ್ದ,
ತನ್ನ ಅಂಗಿಯಿಂದ, ಯಾರೂ ಜಾರದಿರಲಿ ಅಂತ.
ಅಷ್ಟೇ ಕಂಡದ್ದು. ಕ್ಯಾಮೆರಾ ಬೇರೆ ಕಡೆ ತಿರುಗಿತು.
ಆ ಒಂದಕ್ಕೆ ನಾನು ನಾಲ್ಕು ವರ್ಷ ಅವನ ಕಡೆ.

ಈ ವರ್ಷ ಹರಾಜಿಗೆ ಬಿಟ್ಟರು.
ಮೊಣಕಾಲು ಹಳೇದಾಯಿತಂತೆ.
ಎಷ್ಟು ಲಕ್ಷ ಅಂತ ಎರ್ರಿಸ್ವಾಮಿ ಓದಿ ಹೇಳಿದ,
ನಾನು ಅದನ್ನು ಜೇಬಿನ ಲೆಕ್ಕಕ್ಕೆ ಇಳಿಸಲು ಹೋಗಿ
ಅರ್ಧಕ್ಕೆ ಬಿಟ್ಟೆ, ದಾರ ಗಂಟು ಬಿತ್ತು.

ನಿನ್ನೆ ಅವನ ತಂಡಕ್ಕೂ ನಮಗೂ ಮ್ಯಾಚು.
ಕೊನೆಯ ರೈಡು, ಮಾಡು ಇಲ್ಲವೆ ಮಡಿ.
ಒಂದು ಪಾಯಿಂಟು ಬಂದರೆ ಸಮ.
ನಮ್ಮ ಹುಡುಗ ಒಳಗೆ ಹೋದ. ಹತ್ತು, ಹದಿನೈದು,
ನಾನು ಜೇಬು ಅರ್ಧಕ್ಕೆ ನಿಲ್ಲಿಸಿ ತಿರುಗಿದೆ,
ತಿರುಗಬಾರದಿತ್ತು.
ಎಡ ಮೂಲೆಯಿಂದ ಆ ಹಳೇ ಮೊಣಕಾಲು
ನೆಲಕ್ಕೆ ಊರಿತು, ಎರಡು ಕೈ ಹೋಗಿ
ಹುಡುಗನ ಹಿಮ್ಮಡಿ ಹಿಡಿದವು,
ತುಂಬಿದ ಕೊಡದ ಕಂಠ ಹಿಡಿಯುತ್ತೇವಲ್ಲ
ಹಾಗೆ, ಒಡೆಯದಂತೆ, ಜಾರದಂತೆ.

ಚಪ್ಪಾಳೆ ಕೇಳಿಸಿತು.
ಶೆಡ್ಡಿನ ಹದಿನಾಲ್ಕು ಮಷೀನೂ ನಿಂತಿದ್ದವು.
ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು,
ಬಟ್ಟೆಯ ನೀಲಿ ಹತ್ತಿದ ಕೈ. ನಾನೂ ನೋಡಿದೆ.
"ಸೋತಿದ್ದು ನಾವಕ್ಕ" ಅಂದ ಶೇಕ್ಷಾವಲಿ,
ಸತ್ತ ಸುದ್ದಿ ಹೇಳುವವನ ದನಿಯಲ್ಲಿ.

ಏನು ಹೇಳಲಿ.
ಮೂಲೆಯಲ್ಲಿ ಲೇಬಲ್ಲಿನ ಮೂರು ಡಬ್ಬಿ ಇವೆ.
ಒಂದೇ ಪ್ಯಾಂಟು, ಒಂದೇ ಜೇಬು, ನನ್ನದೇ ಹೊಲಿಗೆ,
ಹೈದರಾಬಾದಿಗೆ ಹೋಗುವುದಕ್ಕೆ ಕುದುರೆ,
ಸೋಲಾಪುರಕ್ಕೆ ಹದ್ದು,
ಮೂರನೆಯದು ಇನ್ನೂ ದುಡ್ಡು ಕೊಡದ ಪಾರ್ಟಿಯದು.
ಹೋಗಲಿ, ಅದು ಬೇರೆ ಮಾತು.

ಎರ್ರಿಸ್ವಾಮಿಗೆ ಒಂದು ಪ್ಲೇಟು ಮಿರ್ಚಿ ಬಾಕಿಯಾದೆ.
ಶನಿವಾರ ಪಗಾರ, ಆಗ ನೋಡೋಣ ಅಂದೆ.
ಶನಿವಾರವೇ ಮುಂದಿನ ಮ್ಯಾಚು, ನಮ್ಮದೇ, ನಮ್ಮದೇ ಅನ್ನೋಣ.
ಅರ್ಧ ಜೇಬು ಸೂಜಿಯ ಕೆಳಗೆ ಹಾಗೇ ಇತ್ತು.
ಮುಗಿಸಲು ಹನ್ನೊಂದು ಸೆಕೆಂಡು ಹಿಡಿಯಿತು.
ಎಣಿಸಿದೆ.