ಎಡಗೈ

ರಸೀದಿಯ ಬೆನ್ನಿಗೆ ಒಂದು ಗೀಟು ಎಳೆದಿದ್ದೇನೆ.
ಮುಂಬದಿಯಲ್ಲಿ ಯಾರದೋ ಲೆಕ್ಕ:
ಕಂದೂರ ನಾಲ್ಕು, ಪರದೆ ಎರಡು,
ಗಂಜಿ ಬೇಡ.
ಹಿಂಬದಿಯಲ್ಲಿ ಕಲ್ಬಾದಿಂದ ದಿಬ್ಬಾ.
ಗೀಟಿನ ಬಲಕ್ಕೆ ಉದ್ದಕ್ಕೂ ಸಮುದ್ರ;
ಅದನ್ನು ಬರೆಯುವುದು ಹೇಗೆಂದು ತಿಳಿಯದೆ
ಕಾಗದವನ್ನು ಹಾಗೇ ಬಿಟ್ಟಿದ್ದೇನೆ.

ಶುಕ್ರವಾರ ಲಾಂಡ್ರಿಯ ಶಟರು ಏಳುವುದು ಸಂಜೆ ನಾಲ್ಕಕ್ಕೆ.
ಅಷ್ಟರೊಳಗೆ ಹೋಗಿ, ನೋಡಿ, ಬರಬೇಕು.
ಹೋಗುವುದು ಸೈಕಲ್ಲಿನಲ್ಲಿ,
ಬರುವುದು ಜಟ್ಟಪ್ಪ ಖಾರ್ವಿ ಹೇಳಿಟ್ಟ ಮೀನಿನ ಪಿಕಪ್ಪಿನಲ್ಲಿ,
ಐಸಿನ ಪೆಟ್ಟಿಗೆಗಳ ನಡುವೆ
ಸೈಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು.

ಬೊನಿಫಾಸ್ ಎಸಿ ರಿಪೇರಿಯವನು, ಸೆಕೆಯ ಲೆಕ್ಕ ಅವನದು:
ಮೂರೂವರೆಗೆ ಹೊರಟರೆ ಎಂಟರವರೆಗೆ ನಾವು ಮನುಷ್ಯರು,
ಆಮೇಲೆ ಬಂಗುಡೆ,
ಅದೂ ತವಾದ ಮೇಲಿನದು.

ಜಟ್ಟಪ್ಪನದು ನೀರಿನ ಲೆಕ್ಕ.
ಒಣಮರಳಿಗೆ ಇಳಿದರೆ ಟೈರು ಹೂತುಹೋಗುತ್ತದೆ,
ಇಳಿತದ ಒದ್ದೆಮರಳು ಸಿಮೆಂಟಿನಷ್ಟು ಗಟ್ಟಿ.
‘ಈ ಶುಕ್ರವಾರ ಅಷ್ಟಮಿ, ನೀರು ದೂರ ಹೋಗೂದಿಲ್ಲ,
ಅಮಾಸೆ ಬರಲಿ ಮಾರಾಯ.’
ಬೆರಳು ಮಡಚಿ ತಿಥಿ ಎಣಿಸುತ್ತಾನೆ,
ಮತ್ತೆ ಅವನಿಗೇ ಅನುಮಾನ:
ಊರಿಗಿಂತ ಒಂದೂವರೆ ಗಂಟೆ ಹಿಂದಿರುವ ಈ ಗಡಿಯಾರ
ಸಮುದ್ರಕ್ಕೆ ಗೊತ್ತೋ ಇಲ್ಲವೋ.

ಹೀಗೆ ಒಂದು ವಾರ ಮುಂದೆ ಹೋಯಿತು.
ಗೀಟು ಮಾತ್ರ ಬೆಳೆಯುತ್ತಿದೆ.
ಫುಜೈರಾದಲ್ಲಿ ಎಣ್ಣೆಯ ಟ್ಯಾಂಕುಗಳು, ಬೇಲಿ,
ಅಲ್ಲಿ ಸಮುದ್ರವನ್ನು ಮೂಗಿನಲ್ಲಿ ನೋಡಬೇಕು.
ಆಚೆಗೆ ಲಂಗರು ಬಿಟ್ಟ ಹಡಗುಗಳ ದೀಪ.
ಬಂದ ಹೊಸತರಲ್ಲಿ ಅದನ್ನೊಂದು ಊರೆಂದು ನಂಬಿ
ಅಲ್ಲಿಗೆ ಬಸ್ಸು ಯಾವುದೆಂದು ಕೇಳಿದ್ದೆ.
ಖೋರ್ಫಕ್ಕಾನಿನಲ್ಲಿ ಚಾ.
ಬಿದಿಯಾದ ಪುಟ್ಟ ಮಸೀದಿಯ ನೆರಳಿನಲ್ಲಿ ಕಾಲು ಚಾಚುವುದು.
ಅದರ ಹಿಂದೆಮುಂದೆ ಎಲ್ಲೋ ಒಂದು ಕಡೆ
ನೀರಿನಿಂದ ಸೂರ್ಯ ಏಳಬೇಕು.

ಹೊನ್ನಾವರದಲ್ಲಿ ಅವನು ನೀರಿಗೆ ಬೀಳುವುದನ್ನಷ್ಟೇ ಕಂಡವನು ನಾನು.
‘ಇದು ಬೇರೆ ಸಮುದ್ರವೇ ಇರಬೇಕು’ ಅಂದೆ.
‘ಅದೇ ನೀರು ಮಾರಾಯ,
ನಾವು ಅದರ ಬೆನ್ನ ಕಡೆ ಬಂದು ಕೂತಿದ್ದೇವೆ’ ಅಂದ ಜಟ್ಟಪ್ಪ,
ಬೀಡಿಯ ಬೂದಿಯನ್ನು
ನನ್ನ ನಕಾಶೆಯ ಸಮುದ್ರಕ್ಕೆ ಉದುರಿಸುತ್ತ.

ಹೇಳದೆ ಉಳಿದದ್ದು ಒಂದಿದೆ.
ಹನ್ನೊಂದು ವರ್ಷದಿಂದ
ನನ್ನ ಎಡಗೈ ಆಕಾಶದಲ್ಲಿದೆ.
ಬಲಗೈಗೆ ಹ್ಯಾಂಡಲು, ಬ್ರೇಕು, ಬೆಲ್ಲು;
ಎಡಗೈಗೆ ಹ್ಯಾಂಗರುಗಳು.
ಇಸ್ತ್ರಿಯಾದ ಬಟ್ಟೆ ಚಕ್ರಕ್ಕೆ ತಾಗಬಾರದು, ನೆಲಕ್ಕೆ ತಾಗಬಾರದು.
ತಿರುವಿನಲ್ಲಿ ಗಾಳಿ ತುಂಬಿಕೊಂಡ ಕಂದೂರಗಳು
ಮೈಯಿಲ್ಲದ ನಾಲ್ಕು ಜನರಾಗಿ
ನನ್ನ ಭುಜದ ಮೇಲಿಂದ ಬೀದಿ ನೋಡುತ್ತವೆ.
ಗೇಟಿನ ಹಿಂದಿನವರಿಗೆ ನನ್ನ ಹೆಸರು ಗೊತ್ತಿಲ್ಲ,
ಬೆಲ್ಲಿನ ದನಿ ಗೊತ್ತು.

ನಿನ್ನೆ ರಾತ್ರಿ ಕಾರ್ನಿಶಿನಲ್ಲಿ ತಾಲೀಮು.
ಹಳದಿ ಜಾಕೀಟು ತೊಟ್ಟು, ಮೊದಲ ಬಾರಿಗೆ,
ಎರಡೂ ಕೈಯಲ್ಲಿ ಹಿಡಿದೆ.
ಸೈಕಲ್ಲಿಗೆ ನಾನು ಯಾರೆಂದು ಗುರುತೇ ಹತ್ತಲಿಲ್ಲ.
ಎಡಕ್ಕೆ ವಾಲಿತು, ಬಲಕ್ಕೆ ಜಗ್ಗಿತು,
ಈದಿನ ಕುರಿಯ ಹಾಗೆ ಹಟಮಾಡಿ
ನನ್ನನ್ನು ಕಸದ ಡಬ್ಬಿಯ ಪಕ್ಕ ಇಳಿಸಿತು.
ಬೊನಿಫಾಸ್ ನಕ್ಕು ನಕ್ಕು ಕಲ್ಲುಬೆಂಚಿನ ಮೇಲೆ ಮಲಗಿದ.
ಹ್ಯಾಂಡಲಿನ ಮೇಲೆ ಕೂತ ಎಡಗೈ
ಮದುವೆಮನೆಗೆ ಕರೆಯದೆ ಬಂದವನಂತೆ
ಎಲ್ಲಿ ನೋಡಬೇಕೆಂದು ತಿಳಿಯದೆ ಬೆವರುತ್ತಿತ್ತು.

ಮೂರು ಸಲ ಬಿದ್ದೆ.
ನಾಲ್ಕನೆಯದಕ್ಕೆ, ಅವರು ಬೇಡವೆಂದರೂ,
ಅಂಗಡಿಗೆ ಹೋಗಿ ತಂತಿಯ ಹ್ಯಾಂಗರು ಒಂದನ್ನು ತಂದೆ,
ಖಾಲಿಯದು.
ಎತ್ತಿ ಹಿಡಿದೆ.
ಸೈಕಲ್ಲು ನೆಟ್ಟಗೆ ಹೋಯಿತು,
ದೀಪದ ಕಂಬಗಳನ್ನು ಒಂದೊಂದಾಗಿ ದಾಟುತ್ತ,
ಬಲಕ್ಕೆ ಸಮುದ್ರ ಇದ್ದಲ್ಲೇ ಇದ್ದು ಜೊತೆಗೇ ಬರುತ್ತ.
ಹ್ಯಾಂಗರಿನಲ್ಲಿ ಗಾಳಿ ಮಾತ್ರ ನೇತಾಡುತ್ತಿತ್ತು.

ಈಗ ಪಟ್ಟಿಗೆ ಸೇರಿಸುತ್ತಿದ್ದೇನೆ:
ನೀರು ಆರು ಬಾಟಲಿ, ಖರ್ಜೂರ,
ಪಂಚರಿನ ಅಂಟು, ಜಟ್ಟಪ್ಪನ ಅಮಾಸೆ,
ಹ್ಯಾಂಗರು ಒಂದು.
ಅದಕ್ಕೆ ದಿಬ್ಬಾ ತಲುಪಿದ ಮೇಲೆ ತೊಡಲಿಕ್ಕೆ
ನನ್ನದೇ ನೀಲಿ ಅಂಗಿ.

ಹೊಸ ರಸೀದಿ ಹರಿದು ನನ್ನ ಹೆಸರು ಬರೆದೆ.
ಅಂಗಿ, ಒಂದು.
ಗಂಜಿ ಹಾಕಿ.