ಕಬ್ಬಿಣದ ನಾಲಿಗೆ

ಮೂವತ್ತು ವರ್ಷ ಮನುಷ್ಯರ ಬಚ್ಚಲಿಗಷ್ಟೇ ನೀರು ಕೊಟ್ಟವನು ನಾನು.
ಚನ್ನರಾಯಪಟ್ಟಣದ ಮೂರು ಛತ್ರಗಳಲ್ಲಿ
ಉಂಡವರು ಕೈತೊಳೆಯುವ ಸಾಲು ನನ್ನದೇ ಕೆಲಸ.
ಬಾಗೂರಿನಿಂದ ಒಳಗೆ, ಚಿಕ್ಕತಾಯಮ್ಮನ ಕೊಟ್ಟಿಗೆಗೆ
ಹಸು ಕುಡಿಯುವ ಬಟ್ಟಲು ಕೂರಿಸಬೇಕು ಅಂದಾಗ
ನಕ್ಕುಬಿಟ್ಟೆ: 'ಕನ್ನಡಿನೂ ಹಾಕ್ಲಾ? ಸೋಪಿನ ಗೂಡು?'
ಆಕೆ ನಗಲಿಲ್ಲ. ಎರಡೂ ಅಂಗೈ ಚಾಚಿದಳು.
ಬಕೆಟ್ಟಿನ ಕಂಬಿ ಕೂತ ಜಾಗದಲ್ಲಿ
ಬೆರಳ ಬುಡಕ್ಕೊಂದು ಹಳದಿ ಜಡ್ಡು.
'ಬೆಳಿಗ್ಗೆ ಹನ್ನೆರಡು ಬಕೆಟ್, ಬೈಗಿಗೆ ಹನ್ನೆರಡು.
ನನ್ನ ಕೇಳಬ್ಯಾಡ, ಇವನ್ನ ಕೇಳು.'

ಸೂರಿನ ಮೇಲೆ ಐನೂರು ಲೀಟರಿನ ಟ್ಯಾಂಕು,
ಗೋದಲಿಯ ಉದ್ದಕ್ಕೂ ಮುಕ್ಕಾಲಿಂಚಿನ ಪೈಪು,
ನೆಲದಿಂದ ಎರಡಡಿಗೆ ಎರಡು ಬಟ್ಟಲು.
ಹಗ್ಗವಿಲ್ಲದೆ ಬಿಟ್ಟುಕೊಂಡೇ ಸಾಕಿದ ಐದು ಹಸುವಿಗೆ
ಎರಡು ಸಾಕೆಂದು ಅಂಗಡಿಯವನ ಲೆಕ್ಕ.
ನಾನೂ ಹೂಂ ಅಂದಿದ್ದೆ.

ಬಟ್ಟಲೊಳಗೆ ಕಬ್ಬಿಣದ್ದೊಂದು ನಾಲಿಗೆ.
ಮೂತಿಯಿಂದ ಒತ್ತಿದರೆ ನೀರು, ಬಿಟ್ಟರೆ ಬಂದ್.
ಇಷ್ಟೇ ವಿಷಯ. ಹಸುವಿಗೆ ಇದನ್ನು ಹೇಗೆ ಹೇಳುವುದು?
ಒತ್ತಿ ತೋರಿಸಿದೆ. ಬುಸ್ಸೆಂದಿತು.
ಐದೂ ಒಟ್ಟಿಗೇ ಹಿಂದಕ್ಕೆ ಹಾರಿದವು, ಹಾವು ಕಂಡ ಹಾಗೆ.
ಗಂಜಲದಲ್ಲಿ ನನ್ನ ಸ್ಪ್ಯಾನರು ಎಲ್ಲೋ ಹೋಯಿತು.

ಚಿಕ್ಕತಾಯಮ್ಮ ಆ ನಾಲಿಗೆಗೆ ಹಿಂಡಿ ಮೆತ್ತಿದಳು,
ಬೆಲ್ಲ ಮೆತ್ತಿದಳು, ಕೊನೆಗೆ ಉಪ್ಪು.
ಉಪ್ಪಿಗೆ ಮೂತಿ ತಂದದ್ದು ಪಟೇಲಮ್ಮ
(ಕೋಡಿಲ್ಲ, ಆದರೂ ಕೊಟ್ಟಿಗೆಯ ಪಟೇಲಿಕೆ ಅದರದೇ).
ನೆಕ್ಕಿತು, ಚಿಮ್ಮಿತು, ಸೀನಿತು,
ಮತ್ತೆ ನೆಕ್ಕಿತು.
ಆಮೇಲೆ ಉಪ್ಪು ಬೇಕಾಗಲಿಲ್ಲ.
ಮೂರು ದಿನದಲ್ಲಿ ನಾಲ್ಕು ಕಲಿತವಂತೆ.
ಚೀಟಿ ಕಲಿತದ್ದನ್ನು ಮಾತ್ರ ಯಾರೂ ನೋಡಲಿಲ್ಲ.
ಚೀಟಿ ಎತ್ತಿದ ದುಡ್ಡಲ್ಲಿ ಬಂದದ್ದಕ್ಕೆ ಆ ಹೆಸರು;
ಕೊನೆಗೆ ಬಂದದ್ದು, ಬಾಗಿಲ ಹತ್ತಿರವೇ ನಿಲ್ಲುವುದು.

ಹದಿನೈದನೇ ದಿನ ಫೋನು:
'ಜಬೀವುಲ್ಲಾ, ನಿನ್ನ ಪೈಪು ರಾತ್ರಿ ಹೊತ್ತು ಸೋರ್ತದೆ.
ಟಿಕ್ ಅನ್ತದೆ, ಸುರ್ ಅನ್ತದೆ, ನಿದ್ದೆಯಿಲ್ಲ.'
ನನ್ನ ಜಾಯಿಂಟು ಸೋರುವುದೇ!
ಊಟ ಬಿಟ್ಟು ಸ್ಕೂಟರು ಹತ್ತಿ ಬಂದೆ.
ಒಂದೊಂದು ಎಲ್ಬೋಗೂ ಪೇಪರಿನ ಚೂರು ಒತ್ತಿ ನೋಡಿದೆ.
ಒಣಕಲು. ಎಲ್ಲವೂ ಒಣಕಲು.
ಕತ್ತಲಾಯಿತು. ಮುದ್ದೆ ಇಕ್ಕಿದಳು, ಅವರೆಕಾಳಿನ ಸಾರು.
ಹುಲ್ಲಿನ ಪಿಂಡಿಯ ಮೇಲೆ ಕೂತೆವು ಇಬ್ಬರೂ,
ಟಾರ್ಚು ಆರಿಸಿಕೊಂಡು, ಕಳ್ಳನಿಗೆ ಕಾದ ಹಾಗೆ.

ಒಂದೂ ನಲವತ್ತಕ್ಕೆ,
ಪಟೇಲಮ್ಮನ ಉಸಿರು ದಪ್ಪಗಾದ ಮೇಲೆ,
ಬಾಗಿಲ ಕಡೆಯಿಂದ ಗೊರಸು. ಒಂದು.
ತಡೆದು, ಇನ್ನೊಂದು.
ಟಿಕ್.
ಸುರ್.
ನಿಲ್ಲಿಸಿತು, ಆಲಿಸಿತು. ಮತ್ತೆ ಟಿಕ್.
ನೀರು ಗಂಟಲಿಳಿಯುವುದು ಗುಟುಕು ಗುಟುಕಾಗಿ ಕೇಳುತ್ತಿತ್ತು.
ಎಣಿಸಿದೆ; ನಲವತ್ತು ದಾಟಿದ ಮೇಲೆ ಬಿಟ್ಟೆ.

ಚಿಕ್ಕತಾಯಮ್ಮ ಸುಮಾರು ಹೊತ್ತು ಮಾತಾಡಲಿಲ್ಲ.
'ಎರಡು ಹೊತ್ತು ಅನ್ನೋದು ನನ್ನ ಸೊಂಟದ ಲೆಕ್ಕ ಕಣೋ.
ಅವುಗಳ ಬಾಯಿದಲ್ಲ.'
ಆಮೇಲೆ ಹಿಂದೆ ಸಾಕಿದವನ್ನು ಹೆಸರಿಡಿದು ಹೇಳತೊಡಗಿದಳು,
ಮಾಚಿ, ಕೆಂದಿ, ಬಾಲಮುರುಕಿ, ಮಾಚಿಯ ಮಗಳು...
ಕತ್ತಲಲ್ಲಿ ಬೆರಳು ಕಾಣಲಿಲ್ಲ.
ಒಂದೊಂದು ಬೆರಳು ಮಡಿಸಿದಾಗಲೂ ಬಳೆ ಸದ್ದಾಯಿತು.
ಒಂಬತ್ತು ಸಲ.

ಬೆಳಕು ಹರಿಯುತ್ತಲೇ ಪೈಪು ಕತ್ತರಿಸಿ ಟೀ ಜಾಯಿಂಟು ಕೊಟ್ಟು
ಬಾಗಿಲ ಮೂಲೆಗೆ ಮೂರನೆಯ ಬಟ್ಟಲು ಬಿಗಿದೆ.
'ಎಷ್ಟಾಯ್ತು?' ಅಂದಳು.
'ಜಾಯಿಂಟಿಂದು ಎಂಬತ್ತು. ಬಟ್ಟಲಿಂದು ಆಮೇಲೆ ನೋಡುವ.
ಸೋರಿಕೆ ಹುಡುಕಿದ್ದಕ್ಕೆ ಏನೂ ಇಲ್ಲ.'
ಸ್ಪ್ಯಾನರು ಒರೆಸಿ ಚೀಲಕ್ಕೆ ಹಾಕುವಷ್ಟರಲ್ಲಿ
ಹೊಸ ಬಟ್ಟಲನ್ನು ಮೂಸಿ ನೋಡಲು
ಎಲ್ಲರಿಗಿಂತ ಮೊದಲು ಬಂದು ನಿಂತಿತ್ತು ಪಟೇಲಮ್ಮ.
ಚಿಕ್ಕತಾಯಮ್ಮ ಪೊರಕೆ ಎತ್ತಿಕೊಂಡಳು.