ಮಾರಾಟಕ್ಕಿಲ್ಲದವುಗಳ ಪಟ್ಟಿ

ಮಗಳು ಏನು ಮಾಡುತ್ತಾಳೆ ಎಂದು ಗೆಳತಿಯರು ಕೇಳಿದರೆ
ಅಮ್ಮ ಹೇಳುತ್ತಾಳೆ: ಬ್ಯಾಂಕಿನಲ್ಲಿದ್ದಾಳೆ.
ಬ್ಯಾಂಕಿನಲ್ಲಲ್ಲ. ನಾನು ಹುಡುಕುವವಳು.
ಫ್ರಾಂಕ್‌ಫರ್ಟಿನ ಹದಿನಾಲ್ಕನೇ ಮಹಡಿಯಲ್ಲಿ
ದುಡ್ಡು ಕೂತಿದೆ, ಕೈ ತುರಿಸಿಕೊಳ್ಳುತ್ತ;
ಏನು ಕೊಳ್ಳಬೇಕೆಂದು ಅದಕ್ಕೆ ಗೊತ್ತಿಲ್ಲ.
ಮಾರುತ್ತೇನೆಂದು ಇನ್ನೂ ತಮಗೇ ಹೇಳಿಕೊಳ್ಳದವರನ್ನು
ಎಲ್ಲರಿಗಿಂತ ಮುಂಚೆ ಹೋಗಿ ಕಾಣಬೇಕು.
ಅಷ್ಟೇ ನನ್ನ ಕಸುಬು.

ಸೌವರ್‌ಲಾಂಡಿನ ಕಣಿವೆ ತಂತಿ ಎಳೆಯುವವರ ಸೀಮೆ.
ತಿರುವಿಗೊಂದು ಕಾರ್ಖಾನೆ,
ಬಾಗಿಲ ಮೇಲೆ ಅಜ್ಜನ ಹೆಸರು, ಪಕ್ಕದಲ್ಲಿ ‘ಮತ್ತು ಮಕ್ಕಳು’.
ನಾನು ಆ ‘ಮತ್ತು’ವಿನ ಮುಂದೆ ಕಾರು ನಿಲ್ಲಿಸುತ್ತೇನೆ.
ಶಿಫ್ಟು ಬಿಡುವ ಹೊತ್ತಿಗೆ ಎಷ್ಟು ಕಾರು ಹೊರಟವು,
ಚಾವಣಿಯ ತಗಡಿಗೆ ಎಷ್ಟು ವಯಸ್ಸು,
ಕೊನೆಯ ಯಂತ್ರ ಬಂದದ್ದು ಯಾವಾಗ.
ಶನಿವಾರದ ಪತ್ರಿಕೆಯಲ್ಲಿ ಮೊದಲು ನಿಧನವಾರ್ತೆ ಓದುತ್ತೇನೆ,
ಆಮೇಲೆ ಹವಾಮಾನ.
ಯಜಮಾನನಿಗೆ ಅರವತ್ತೆಂಟು, ಸಾಲವಿಲ್ಲ, ವಾರಸುದಾರರಿಲ್ಲ:
ನಮ್ಮ ಆಫೀಸಿನ ಭಾಷೆಯಲ್ಲಿ ಇದಕ್ಕೆ
‘ಸುಂದರ’ ಎನ್ನುತ್ತಾರೆ.

ಇನ್ನೂರ ಹನ್ನೆರಡು ಪತ್ರ ಬರೆದೆ ಆ ವರ್ಷ,
ಕೈಯಾರೆ, ನೀಲಿ ಶಾಯಿಯಲ್ಲಿ
(ಮುದ್ರಿಸಿದ್ದನ್ನು ಅವರು ಬಿಚ್ಚುವುದಿಲ್ಲ).
ಬಂದ ಉತ್ತರ ಒಂಬತ್ತು. ಆರು ಬೇಡ,
ಎರಡು ಬೈಗುಳ.
ಒಂದು ಫೋನು: ‘ನಾನು ಓಟ್‌ಮಾರ್ ಕ್ರುಮೆ. ಗುರುವಾರ ಬನ್ನಿ.’

ಪ್ಲಮ್ ಕೇಕು ಇಟ್ಟ. ವಹಿವಾಟು ಎಷ್ಟೆಂದು ಕೇಳಿದರೆ
ಅಂಗೈಗೆ ಒಂದು ಸ್ಪ್ರಿಂಗು ಹಾಕಿದ.
‘ಒತ್ತಿ.’ ಒತ್ತಿದೆ. ತಿರುಗಿ ಒತ್ತಿತು.
‘ಆಸ್ಪತ್ರೆಯ ಮಂಚದ್ದು. ಹತ್ತು ಲಕ್ಷ ಸಲ
ಹೀಗೇ ಏಳಬೇಕು ಅದು.’
ನಾನು ಶುರುಮಾಡಿದೆ: ಲಾಭದ ಆರು ಪಟ್ಟು, ಆರೂವರೆ,
ಹೆಸರು ಹಾಗೇ ಇರುತ್ತದೆ, ಬಾಗಿಲೂ.
ಅವನು ಕನ್ನಡಕ ಒರೆಸುತ್ತ ಪೂರ್ತಿ ಕೇಳಿದ. ಆಮೇಲೆ:
‘ನಿಮ್ಮ ಹತ್ತಿರ ಪಟ್ಟಿ ಇದೆಯಂತಲ್ಲ.
ಹೊಳೆಯಾಚೆ ಲೋಮನ್ ಅವರ ಸತುವಿನ ಲೇಪದ ಶೆಡ್ಡು,
ಅದಿದೆಯಾ ಅದರಲ್ಲಿ?’
‘ಇದೆ. ಎಂಬತ್ತಮೂರನೆಯದು.’
‘ಅದನ್ನು ನನಗೆ ಕೊಡಿಸಿ.’

ಹೆಣ್ಣು ನೋಡಲು ಹೋದವಳಿಗೆ ಆ ಮನೆಯವರೇ
ಇನ್ನೊಂದು ಮನೆಯ ವಿಳಾಸ ಬರೆದುಕೊಟ್ಟ ಹಾಗೆ ಆಯಿತು.
‘ನಿಮಗೆ ಎಪ್ಪತ್ತೊಂದು...’ ಎಂದೆ.
‘ಅದನ್ನು ಯಾರೂ ಪತ್ರ ಬರೆದು ತಿಳಿಸಬೇಕಾಗಿಲ್ಲ.
ನಲವತ್ತು ವರ್ಷದಿಂದ ನನ್ನ ಸ್ಪ್ರಿಂಗು
ಅಲ್ಲಿ ಮಿಂದು ಬರುತ್ತಿದೆ.
ನಿಮ್ಮವರು ಅದನ್ನು ಕೊಂಡರೆ
ನನ್ನ ಡಬ್ಬಗಳು ಯಾರ ಹಿಂದೆ ಸರದಿ ನಿಲ್ಲಬೇಕು?’

ಅವನ ಕುರ್ಚಿಯ ಹಿಂದೆ ನುರ್ಜಾನ್ ನಿಂತಿದ್ದಳು,
ಹತ್ತೊಂಬತ್ತಕ್ಕೆ ಪ್ಯಾಕಿಂಗಿಗೆ ಸೇರಿದವಳು,
ಈಗ ಕೀಲಿಕೈಗೊಂಚಲು ಅವಳ ಸೊಂಟದಲ್ಲಿ;
ಕೈಯಲ್ಲಿ ಆಗಲೇ ಲೆಕ್ಕ ಹಾಕಿಟ್ಟ ಹಾಳೆ.
ವಾರಸುದಾರರಿಲ್ಲ ಎಂದು ನಾನೇ ಬರೆದಿದ್ದೆ.
ನಾನು ತೆಗೆಸಿದ ಯಾವ ದಾಖಲೆಯಲ್ಲೂ
ಅವಳ ಹೆಸರಿರಲಿಲ್ಲ.

ಲೆನ್ನೆಯ ಸೇತುವೆ ನಡೆದೇ ದಾಟಿದೆ.
ಆಸಿಡ್ಡಿನ ವಾಸನೆ ಬಾಗಿಲಿಗಿಂತ ಮೊದಲು ಬಂತು,
ಹೆಡ್ವಿಗ್ ಲೋಮನ್ ಆಮೇಲೆ, ರಬ್ಬರ್ ಬೂಟಿನಲ್ಲಿ.
ಅಡುಗೆಮನೆಯ ಮೇಜಿನ ಗಿಡ್ಡ ಕಾಲಿನ ಕೆಳಗೆ
ನಾಲ್ಕು ಮಡಿಕೆಯ ಕಾಗದ.
ನೀಲಿ ಶಾಯಿ. ನನ್ನದೇ ಅಕ್ಷರ.
‘ಒಳ್ಳೆ ಕಾಗದ’ ಎಂದಳು, ಸಂಕೋಚವಿಲ್ಲದೆ, ‘ದಪ್ಪ ಇದೆ.
ಈ ಸಲ ಯಾರ ಪರವಾಗಿ ಬಂದಿರಿ?’

ಹೇಳಿದೆ.
‘ಓಟ್‌ಮಾರನಾ!’ ಅವಳು ಕೆಟಲ್ ಇಳಿಸಿದಳು, ಎರಡು ಲೋಟ ತೊಳೆದಳು,
ಕಿಟಕಿಯಾಚೆ ಹೊಳೆಯ ಆ ದಡ ನೋಡಿದಳು.
‘ನಲವತ್ತು ವರ್ಷ ಬಿಲ್ಲಿನಲ್ಲಿ ಚೌಕಾಸಿ ಮಾಡಿದ.
ಕೇಳುವುದಿದ್ದರೆ ಸೇತುವೆ ದಾಟಿ ಅವನೇ ಬರಲಿ.’

ಪಟ್ಟಿ ತೆರೆದೆ. ಎಂಬತ್ತಮೂರನೇ ಸಾಲು, ‘ಸ್ಥಿತಿ’ ಎಂಬ ಕಲಂ.
ಇಲ್ಲ ಅಂದಿಲ್ಲ, ಎಂದು ಬರೆದೆ.
ಒತ್ತಿಯೇ ಬರೆದೆ.
ಮೇಜು ಅಲುಗಲಿಲ್ಲ.